ಸಿಂದಗಿಯ ಠಾಣ್ಯ: ಖಳನಾಯಕನ ಗಾದಿ ಮೇಲೆ ಕೂತ ಬಂಡುಕೋರ!

ಸಿನಿಮಾದಲ್ಲಿ ನಾವು ಎಷ್ಟು ವಾಡೆ ನೋಡಿಲ್ಲ ಹೇಳಿ! ಆನೆ ಹೊಗುವಂಥ ಬಾಗಿಲು, ಒಳಗೆ ತೂಗುಮಂಚ, ಅದರ ಮೇಲೆ ಮೀಸೆ ತಿರುವುತ್ತಾ ಖಳನಾಯಕ. ಅಂಗಳದಲ್ಲಿ ಕಂದಾಯ ಕಟ್ಟಲಾರದ ರೈತ ಕೈಮುಗಿದು ನಿಂತಿರ್ತಾನೆ. ಕೊನೆ ರೀಲಿನಲ್ಲಿ ಬಾಗಿಲು ಮುರೀತು ಅಂದ್ರೆ ಗಾಂಧಿಕ್ಲಾಸಿನಿಂದ ಒಂದೇ ಸಮನೆ ಶಿಳ್ಳೆ! 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಊರೇ ಎದ್ದು ಮನೆಗೆ ನುಗ್ಗಿದ್ದನ್ನು ಮರೆತವರುಂಟೇ?

ಆದರೆ ಒಂದು ಮಾತು. ಬಾಗಿಲು ಮುರಿದ ಮರುದಿನ ಬೀಗದಕೈ ಯಾರ ಕೈಲಿ? ಲೆಕ್ಕದ ಪುಸ್ತಕ ಬಿಚ್ಚೋರು ಯಾರು? ಸಿನಿಮಾ ಅಷ್ಟರಲ್ಲಿ ‘ಶುಭಂ’ ಅಂದುಬಿಡುತ್ತೆ. ಚರಿತ್ರೆ ಹಾಗೆ ಬಿಡೋದಿಲ್ಲ!

ಜಪಾನಿನಲ್ಲೂ ಅದೇ ಸೆಟ್!

ಸಮುರಾಯ್ ಚಿತ್ರ ನೋಡಿದವರಿಗೆ ಲಂಚಕೋರ ‘ದೈಕಾನ್’ ಗೊತ್ತಿರಬೇಕು. ಅಲ್ಲಿನ ಖಾಯಂ ಖಳ ಅವನೇ. ಆತನ ಕಚೇರಿಗೆ ‘ಜಿನ್‌ಯಾ’ ಅಂತ ಹೆಸರು. ಮನೆ, ಕಚೇರಿ, ನ್ಯಾಯಸ್ಥಾನ, ಅಕ್ಕಿಯ ಉಗ್ರಾಣ ಎಲ್ಲ ಒಂದೇ ಕಾಂಪೌಂಡಿನಲ್ಲಿ. ಉಗ್ರಾಣ ಯಾಕೆ? ತೆರಿಗೆ ಬರ್ತಿದ್ದದ್ದೇ ಅಕ್ಕಿಯಲ್ಲಿ!

ತಕಯಾಮಾ ಊರಿನ ಜಿನ್‌ಯಾ ಇಂದಿಗೂ ನಿಂತಿದೆ. 1692ರಿಂದ 1868ರವರೆಗೆ ಟೊಕುಗಾವಾ ಸರಕಾರ ಆ ಹಿದಾ ಪ್ರಾಂತವನ್ನು ನೇರವಾಗಿ ಆಳಿತು. ಆಳಿದ್ದು ಅಲ್ಲಿಂದಲೇ. ವಿಚಾರಣೆಗೆ ಕಲ್ಲು ಹಾಸಿದ ಅಂಗಳ. ಅಧಿಕಾರಿ ಮೇಲೆ, ಆಪಾದಿತ ಕೆಳಗೆ. ಸಾಮ್ರಾಜ್ಯ ಹೋದರೂ ಕಟ್ಟಡ ನಿವೃತ್ತಿಯಾಗಲಿಲ್ಲ. 1969ರವರೆಗೆ ಸರಕಾರಿ ಕಚೇರಿಯಾಗೇ ದುಡೀತು!

ಅಲ್ಲಿ ಓಹಾರಾ ಅನ್ನೋ ದೈಕಾನ್ 1773ರಲ್ಲಿ ಹೊಲಗಳನ್ನೆಲ್ಲ ಮತ್ತೆ ಅಳೆಸಲು ಹೊರಟ. ಅಳತೆ ಹೆಚ್ಚಿದರೆ ತೆರಿಗೆ ಹೆಚ್ಚಿತು ಅಂತಲೇ ಅರ್ಥ. ರೈತರು ಸಾವಿರಗಟ್ಟಲೆ ಎದ್ದರು. ಮುಂದಾಳುಗಳಲ್ಲಿ ಒಬ್ಬ ಝೆನ್‌ಕುರೋ, ಮೀಸೆ ಚಿಗುರುವ 18ರ ಹುಡುಗ. ಅವನಿಗೆ ಮರಣದಂಡನೆ. ಓಹಾರಾನಿಗೆ? 1777ರಲ್ಲಿ ಬಡ್ತಿ! ಅವನ ಮಗನ ಆಡಳಿತದಲ್ಲಿ ಮತ್ತೆ ದಂಗೆ. ಕೊನೆಗೆ 1789ರಲ್ಲಿ ಮಗನನ್ನು ದ್ವೀಪಕ್ಕೆ ಗಡೀಪಾರು ಮಾಡಿದರು.

ನಮ್ಮ ಸಿಂದಗಿಯಲ್ಲಿ...

ಇನ್ನು ಕ್ಯಾಮೆರಾ ನಮ್ಮ ಕಡೆ ತಿರುಗಲಿ. ಸಿಂದಗಿ ಸೀಮೆಯ ಕನ್ನೊಳ್ಳಿ, ಬಿಜಾಪುರದ ಕಡೆಯ ಕಪ್ಪು ಎರೆಮಣ್ಣಿನ ನಾಡು. ಇಲ್ಲಿ ಜಿನ್‌ಯಾ ಇರಲಿಲ್ಲ. ಚಾವಡಿ ಇತ್ತು, ವಾಡೆ ಇತ್ತು, ಠಾಣ್ಯ ಇತ್ತು. ಗೌಡ, ಕುಲಕರ್ಣಿ ಚಾವಡಿಯಲ್ಲಿ ಕೂತು ಊರ ಲೆಕ್ಕ ಬರೀತಿದ್ದರು. ಹಣ ಠಾಣ್ಯ ಸೇರುತ್ತಿತ್ತು. ಠಾಣ್ಯ ಯಾರದೋ ಸೀಮೆ ಅವರದು!

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಕುಂಪಣಿಯ ದರ್ಬಾರು ಶುರುವಾಗಿತ್ತು. ಆರೇ ವರ್ಷ! 1824ರಲ್ಲಿ ದಿವಾಕರ ದೀಕ್ಷಿತ ಎಂಬಾತ ಜನ ಕೂಡಿಸಿ ಸಿಂದಗಿಗೆ ನುಗ್ಗಿದ. ಊರು ಲೂಟಿಯಾಯಿತು. ಲೂಟಿ ಹೊಡೆದವನು ಕತ್ತಲಲ್ಲಿ ಓಡಿಹೋಗಬೇಕಲ್ಲವೇ? ಈತ ಓಡಲಿಲ್ಲ. ಸಿಂದಗಿಯಲ್ಲೇ ತನ್ನದೇ ಠಾಣ್ಯ ಹೂಡಿದ. ಕಂದಾಯ ವಸೂಲಿಗೆ ಏರ್ಪಾಟು ಮಾಡಿದ. ಅಂದರೆ ‘ಇನ್ನು ಸರಕಾರ ನಾನೇ’ ಅಂದಹಾಗೆ!

ಕುಂಪಣಿಗೆ ಲೂಟಿಗಿಂತ ಇದೇ ದೊಡ್ಡ ಅಪರಾಧ. ಧಾರವಾಡದಿಂದ ಫೌಜು ಬಂತು. ಮುಂದಾಳುಗಳು ಸೆರೆಯಾದರು. ಠಾಣ್ಯ ಮುಗೀತು.

ಅದೇ 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಮುಂದೆ ಕಲೆಕ್ಟರ್ ಥ್ಯಾಕರೆ ಬಿದ್ದ. ಮುಂದೆ ಸಂಗೊಳ್ಳಿ ರಾಯಣ್ಣನೂ ಗುರಿಯಿಟ್ಟದ್ದು ಸರಕಾರಿ ಕಚೇರಿಗಳಿಗೇ, ಅಲ್ಲಿನ ದಫ್ತರಗಳಿಗೇ. 1831ರ ಜನವರಿ 26ರಂದು ನಂದಗಡದಲ್ಲಿ ಅವನಿಗೆ ಗಲ್ಲು. ಚೆನ್ನಮ್ಮನಿಗೆ 1961ರಲ್ಲಿ ಪಂತುಲು ಚಿತ್ರ ಮಾಡಿದರು, ಬಿ. ಸರೋಜಾದೇವಿ ರಾಣಿಯಾಗಿ ಮಿಂಚಿದರು. ರಾಯಣ್ಣನಾಗಿ 2012ರಲ್ಲಿ ದರ್ಶನ್ ಬಂದರು.

ಸಿಂದಗಿಗೂ ಒಬ್ಬ ನಿರ್ದೇಶಕ ಬರಲಿ ಅನ್ನೋದು ನಮ್ಮ ಆಸೆ. ಫೈಟು ಇದ್ದೇ ಇರುತ್ತೆ ಬಿಡಿ. ಆದರೆ ನಿಜವಾದ ಸೀನು ಮರುದಿನ ಬೆಳಗಿನದು. ಅದೇ ಠಾಣ್ಯ, ಅದೇ ಲೆಕ್ಕ, ಅದೇ ರೈತ. ಗಾದಿ ಮೇಲೆ ಮಾತ್ರ ಬೇರೆಯವ. ಅವನಿಗೂ ಕಂದಾಯ ಬೇಕು! ಕನ್ನೊಳ್ಳಿಯ ರೈತ ಕೈಮುಗಿಯಬೇಕೋ, ತಲೆಯೆತ್ತಿ ಮಾತಾಡಬೇಕೋ?

ಆ ಸೀನು ಬರೆಯಬಲ್ಲವನ ಚಿತ್ರಕ್ಕೆ ಮೊದಲ ದಿನ, ಮೊದಲ ಆಟ... ನಾವು ರೆಡಿ! ನೀವು?