ಮಾಡು ತೊಳೆಯುವ ಸ್ವಉದ್ಯೋಗ: ಗಾಡಿಗೆ ಯಂತ್ರ ಕೂರಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಕರಾವಳಿಯ ಮನೆಗಳ ಮಾಡು, ಅಂಗಳ, ಆವರಣ ಗೋಡೆಗಳೆಲ್ಲ ಪಾಚಿ ಹಿಡಿದು ಕಪ್ಪಾಗಿ ಕಾಣುತ್ತವೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಇದು ಸಹಜ. ಹಿಂದೆ ಮನೆಮಂದಿಯೆಲ್ಲ ಸೇರಿ ಹಂಚು ಇಳಿಸಿ, ತೆಂಗಿನ ನಾರಿನಿಂದ ಉಜ್ಜಿ ಮತ್ತೆ ಹೊದಿಸುತ್ತಿದ್ದರು. ಇಂದು ಅನೇಕ ಮನೆಗಳಲ್ಲಿ ಮಕ್ಕಳು ಪರವೂರಿನಲ್ಲಿದ್ದಾರೆ, ಉಳಿದವರು ಹಿರಿಯರಿಬ್ಬರೇ. ಆದ್ದರಿಂದ ಒತ್ತಡದ ನೀರಿನ ಯಂತ್ರವನ್ನು ಪಿಕಪ್ ಗಾಡಿಗೆ ಕೂರಿಸಿಕೊಂಡು ಮನೆ ಮನೆಗೆ ಹೋಗಿ ತೊಳೆದು ಕೊಡುವ ಕೆಲಸಕ್ಕೆ ಬೇಡಿಕೆ ಇದೆ. ಕೊಲ್ಲಿ ರಾಷ್ಟ್ರಗಳಲ್ಲಿ ಇಂಥ ಕೆಲಸ ಮಾಡಿ ಮರಳಿದವರಿಗೂ, ಊರಲ್ಲೇ ಏನಾದರೂ ಆರಂಭಿಸಬೇಕೆನ್ನುವ ಯುವಕರಿಗೂ ಇದು ಒಳ್ಳೆಯ ದಾರಿ.

ಆದರೆ ಸಾಲ ಮಾಡಿ ಯಂತ್ರ ಕೊಳ್ಳುವ ಮೊದಲು ಒಂದು ಮಾತನ್ನು ಮನದಟ್ಟು ಮಾಡಿಕೊಳ್ಳಬೇಕು. ಮಾಡನ್ನು ಸ್ವಚ್ಛಗೊಳಿಸುವುದು ನೀರಿನ ಒತ್ತಡವಲ್ಲ, ನೀರಿನ ಪ್ರಮಾಣ ಮತ್ತು ತಾಳ್ಮೆ. ಅತಿ ಹೆಚ್ಚು ಒತ್ತಡದ ಯಂತ್ರವೇ ಅತ್ಯುತ್ತಮ ಎಂದು ನಂಬಿ ಹಣ ಹಾಕಿದವರು ಹಂಚನ್ನೂ ಹೆಸರನ್ನೂ ಒಟ್ಟಿಗೆ ಕಳೆದುಕೊಳ್ಳುವ ಅಪಾಯವಿದೆ.

ಹಂಚಿನ ಗುಣ

ಮಂಗಳೂರು ಹಂಚಿನ ಕಥೆ ನಮಗೆಲ್ಲ ಗೊತ್ತಿರುವುದೇ. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಮುಂದೆ ನೇತ್ರಾವತಿ ಮತ್ತು ಗುರುಪುರ ನದಿಗಳ ಬದಿಯ ಜೇಡಿಮಣ್ಣಿನಿಂದ ಅನೇಕ ಕಾರ್ಖಾನೆಗಳು ಬೆಳೆದವು. ಈಗ ಅವುಗಳಲ್ಲಿ ಹಲವು ಮುಚ್ಚಿವೆ. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಹಂಚಿಗೆ ಸರಿಯಾಗಿ ಕಚ್ಚಿ ಕೂರುವುದಿಲ್ಲ. ಹೀಗಾಗಿ ಹಳೆಯ ಚರ್ಚು, ಶಾಲೆ, ಮನೆಗಳಲ್ಲಿ ಹತ್ತು ಹಂಚು ಒಡೆದರೆ ಅದಕ್ಕೆ ಹೊಂದುವ ಹತ್ತು ಹಂಚು ಹುಡುಕುವುದೇ ದೊಡ್ಡ ಕೆಲಸ.

ಸುಟ್ಟ ಹಂಚಿನ ಮೇಲ್ಮೈ ಒಳಭಾಗಕ್ಕಿಂತ ಗಟ್ಟಿ. ತೀರಾ ಹತ್ತಿರದಿಂದ ಹೆಚ್ಚಿನ ಒತ್ತಡದ ನೀರು ಹೊಡೆದರೆ ಈ ಮೇಲ್ಪದರ ಕಿತ್ತುಹೋಗುತ್ತದೆ. ಆ ದಿನ ಹಂಚು ಹೊಸದರಂತೆ ಕೆಂಪಗೆ ಹೊಳೆಯುತ್ತದೆ, ಮನೆಯವರಿಗೂ ಸಂತೋಷವಾಗುತ್ತದೆ. ಆದರೆ ಒರಟಾದ ಹಂಚು ಹೆಚ್ಚು ನೀರು ಹೀರುತ್ತದೆ, ಪಾಚಿ ಮೊದಲಿಗಿಂತ ಬೇಗ ಮರಳುತ್ತದೆ. ಇನ್ನೊಂದು ವಿಷಯ, ಹಂಚುಗಳನ್ನು ಜೋಡಿಸಿರುವುದು ಮೇಲಿನಿಂದ ಕೆಳಗೆ ಹರಿಯುವ ಮಳೆನೀರಿಗಾಗಿ. ಕೆಳಗೆ ನಿಂತು ಮೇಲ್ಮುಖವಾಗಿ ನೀರು ಹೊಡೆದರೆ ಅದು ಹಂಚಿನ ಸಂದಿನಲ್ಲಿ ನುಗ್ಗಿ ರೀಪು, ಪಕ್ಕಾಸು, ಮುಚ್ಚಿಗೆಗಳನ್ನು ನೆನೆಸುತ್ತದೆ. ಮರ ಕೊಳೆಯುತ್ತದೆ, ಗೆದ್ದಲು ಹಿಡಿಯುತ್ತದೆ. ನೀರು ಯಾವಾಗಲೂ ಮೋಪಿನ ಕಡೆಯಿಂದ ಸೂರಿನ ಕಡೆಗೆ ಹರಿಯಬೇಕು.

ಮೊದಲು ಭಾರದ ಲೆಕ್ಕ

ಗಾಡಿಯನ್ನು ಸಜ್ಜುಗೊಳಿಸುವಾಗ ಮೊದಲ ಪ್ರಶ್ನೆ ಯಂತ್ರದ್ದಲ್ಲ, ಭಾರದ್ದು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ನಿಮ್ಮ ಗಾಡಿ 750 ಕಿಲೋ ಹೊರಬಲ್ಲದು ಎಂದಿಟ್ಟುಕೊಳ್ಳಿ. 500 ಲೀಟರಿನ ತುಂಬಿದ ಟ್ಯಾಂಕು 520 ಕಿಲೋ, ಎಂಜಿನ್ ಮತ್ತು ಪಂಪು ಚೌಕಟ್ಟು ಸಹಿತ 90, ಪೈಪು ಸುತ್ತುವ ರಾಟೆ ಮತ್ತು ಪೈಪು 40, ಏಣಿ, ಹಗ್ಗ, ಕ್ಯಾನುಗಳು 50, ಜೊತೆಗಾರ 70. ಒಟ್ಟು 770 ಕಿಲೋ. ಕೆಲಸ ಆರಂಭವಾಗುವ ಮೊದಲೇ ಮಿತಿ ಮೀರಿತು! ಇದೇ ಗಾಡಿಗೆ 300 ಲೀಟರಿನ ಟ್ಯಾಂಕು ಇಟ್ಟರೆ ಭಾರ 570 ಕಿಲೋಗೆ ಇಳಿಯುತ್ತದೆ. ಗಾಡಿಯ ಆರ್.ಸಿ. ಪುಸ್ತಕದಲ್ಲಿ ಬರೆದ ಒಟ್ಟು ತೂಕದಿಂದ ಖಾಲಿ ತೂಕವನ್ನು ಕಳೆದರೆ ಎಷ್ಟು ಹೊರಬಹುದು ಎಂಬುದು ತಿಳಿಯುತ್ತದೆ. ಅಂಗಡಿಯವರ ಮಾತಿಗಿಂತ ಈ ಲೆಕ್ಕವನ್ನೇ ನಂಬಿರಿ.

ಅರ್ಧ ತುಂಬಿದ ಟ್ಯಾಂಕು ಪೂರ್ತಿ ತುಂಬಿದ್ದಕ್ಕಿಂತ ಅಪಾಯಕಾರಿ. ತಿರುವಿನಲ್ಲಿ ನೀರು ಒಂದೇ ಬದಿಗೆ ನುಗ್ಗಿ ಗಾಡಿಯನ್ನು ಎಳೆಯುತ್ತದೆ. ಒಳಗೆ ಅಡ್ಡತಡೆಗಳಿರುವ ಟ್ಯಾಂಕನ್ನೇ ಕೊಳ್ಳಬೇಕು. ಅದನ್ನು ಹಿಂದಿನ ತುದಿಗೆ ಇಡದೆ ಹಿಂಬದಿ ಚಕ್ರಗಳ ನೇರಕ್ಕೆ ಅಥವಾ ತುಸು ಮುಂದಕ್ಕೆ, ಆದಷ್ಟು ತಗ್ಗಿನಲ್ಲಿ ಕೂರಿಸಿ, ಕೇವಲ ತಗಡಿಗಲ್ಲ, ಚಾಸಿಗೆ ಭದ್ರವಾಗಿ ಬಿಗಿಯಬೇಕು. ಎಲ್ಲಕ್ಕಿಂತ ಉತ್ತಮ ಪದ್ಧತಿ ಎಂದರೆ ಖಾಲಿ ಟ್ಯಾಂಕಿನೊಂದಿಗೆ ಹೋಗಿ ಗಿರಾಕಿಯ ಬಾವಿಯಿಂದ ತುಂಬಿಸಿಕೊಳ್ಳುವುದು. ಯಂತ್ರವನ್ನು ಗಾಡಿಗೆ ಶಾಶ್ವತವಾಗಿ ಜೋಡಿಸುವುದಾದರೆ ಮೊದಲೇ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ. ಗಾಡಿಯ ಮೂಲ ರೂಪವನ್ನು ಅನುಮತಿಯಿಲ್ಲದೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ.

ಪಂಪು, ಪೈಪು, ನಾಝಲ್

ಮನೆಬಳಕೆಯ ಸಣ್ಣ ಯಂತ್ರಗಳು ನಿಮಿಷಕ್ಕೆ 6ರಿಂದ 8 ಲೀಟರ್ ನೀರು ಕೊಡುತ್ತವೆ. ಉದ್ಯೋಗಕ್ಕೆ ನಿಮಿಷಕ್ಕೆ 15 ಲೀಟರ್, 150ರಿಂದ 200 ಬಾರ್ ಒತ್ತಡದ ಪಂಪು ಸಾಕು. 200 ಬಾರ್‌ನಲ್ಲಿ 15 ಲೀಟರ್ ತಳ್ಳಲು ಪಂಪಿಗೆ 5 ಕಿಲೋವಾಟಿಗಿಂತಲೂ ಹೆಚ್ಚು ಶಕ್ತಿ ಬೇಕು. ಸಾಮಾನ್ಯ ಮನೆಯ ವಿದ್ಯುತ್ ಸಂಪರ್ಕ ಇದನ್ನು ತಾಳದು. ಆದ್ದರಿಂದ 11ರಿಂದ 13 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಬೇಕಾಗುತ್ತದೆ. ಎಂಜಿನ್ನಿನ ಹೊಗೆಯಲ್ಲಿ ವಿಷಾನಿಲವಿರುವುದರಿಂದ ಅದನ್ನು ಮುಚ್ಚಿದ ಗಾಡಿಯೊಳಗೆ ಓಡಿಸಬಾರದು. ತೆರೆದ ಪಿಕಪ್ ಒಳ್ಳೆಯದು.

ಟ್ಯಾಂಕಿನ ನೀರು ಪಂಪಿಗೆ ತಾನಾಗಿಯೇ ಇಳಿದು ಬರುವಂತೆ ಪಂಪನ್ನು ಟ್ಯಾಂಕಿಗಿಂತ ತಗ್ಗಿನಲ್ಲಿ ಕೂರಿಸಬೇಕು. ನೀರು ಸಾಲದೆ ಗಾಳಿ ಎಳೆದುಕೊಂಡರೆ ಪಂಪು ಬೇಗ ಹಾಳಾಗುತ್ತದೆ. ನಮ್ಮ ಬಾವಿಗಳ ನೀರಿನಲ್ಲಿ ಕೆಂಪು ಮಣ್ಣು, ಮರಳು ಇರುವುದರಿಂದ ಪಂಪಿನ ಮೊದಲು ಜಾಲರಿ ಹಾಕಿ ದಿನವೂ ತೊಳೆಯಬೇಕು. ಕಡಲು ಮತ್ತು ಅಳಿವೆ ಬಾಗಿಲಿನ ಹತ್ತಿರ ನೀರು ಉಪ್ಪಾಗಿದ್ದರೆ ಕೆಲಸದ ನಂತರ ಸಿಹಿನೀರು ಹರಿಸಬೇಕು. ಗನ್ನಿನ ಹಿಡಿ ಬಿಟ್ಟಾಗ ನೀರನ್ನು ಹಿಂದಕ್ಕೆ ಕಳಿಸುವ ಅನ್‌ಲೋಡರ್ ವಾಲ್ವ್ ಇರುತ್ತದೆ. ಆ ನೀರು ಪಂಪಿನಲ್ಲೇ ಸುತ್ತಿದರೆ ಕಾದು ಪಂಪಿನ ಸೀಲುಗಳು ಕೆಡುತ್ತವೆ. ಅದನ್ನು ಟ್ಯಾಂಕಿಗೇ ಮರಳಿಸಬೇಕು.

ನಾಝಲ್‌ಗಳ ಬಣ್ಣವನ್ನು ಬಾಯಿಪಾಠ ಮಾಡಿಕೊಳ್ಳಿ. ಕೆಂಪು ಸೊನ್ನೆ ಡಿಗ್ರಿ, ಹಳದಿ 15, ಹಸಿರು 25, ಬಿಳಿ 40. ಕಪ್ಪು ಸೋಪು ಸಿಂಪಡಿಸಲು. ಕೆಂಪು ನಾಝಲ್‌ನ ನೀರು ಚಾಕುವಿನಂತೆ. ಹಂಚು, ಮುರಕಲ್ಲು, ಮರ ಯಾವುದಕ್ಕೂ ಅದು ಬೇಡ. ಹಂಚಿಗೆ ಬಿಳಿ ನಾಝಲ್ ಹಾಕಿ, ಒತ್ತಡ ಇಳಿಸಿ, ದೂರದಿಂದ ತೊಳೆಯಬೇಕು. ಸಿಮೆಂಟು ಮತ್ತು ಇಂಟರ್‌ಲಾಕ್ ಅಂಗಳಗಳಿಗೆ ಮಾತ್ರ ಹೆಚ್ಚಿನ ಒತ್ತಡ ಸಲ್ಲುತ್ತದೆ.

ಕೆಲಸಕ್ಕೆ ಮುಂಚೆ ಬಕೆಟ್ ಪರೀಕ್ಷೆ ಮಾಡಿ. ಮನೆಯ ಪಂಪು 15 ಲೀಟರಿನ ಬಕೆಟನ್ನು ಒಂದು ನಿಮಿಷದಲ್ಲಿ ತುಂಬಿಸಿದರೆ ಕೆಲಸ ನಿಲ್ಲುವುದಿಲ್ಲ. ನಿಮಿಷಕ್ಕೆ 8 ಲೀಟರ್ ಮಾತ್ರ ಬಂದರೆ 300 ಲೀಟರಿನ ಟ್ಯಾಂಕು ಸುಮಾರು 43 ನಿಮಿಷಕ್ಕೆ ಬರಿದಾಗುತ್ತದೆ. ಮೂರು ಗಂಟೆ ಸತತವಾಗಿ ತೊಳೆದರೆ 2,700 ಲೀಟರ್ ನೀರು ಬೇಕು. ಆದ್ದರಿಂದ ಬಾವಿ ತುಂಬಿರುವ ಅಕ್ಟೋಬರ್‌ನಿಂದ ಜನವರಿವರೆಗಿನ ಕಾಲವೇ ಈ ಕೆಲಸಕ್ಕೆ ಯೋಗ್ಯ. ಏಪ್ರಿಲ್-ಮೇ ತಿಂಗಳಲ್ಲಿ ಪಾಚಿ ಒಣಗಿರುತ್ತದೆ. ಆಗ ಪೊರಕೆಯಿಂದ ಗುಡಿಸಿದರೂ ಬಹುಪಾಲು ಉದುರುತ್ತದೆ. ನೆರೆಯವರ ಬಾವಿ ಬತ್ತುತ್ತಿರುವಾಗ ನಮ್ಮ ಮಾಡನ್ನು ತೊಳೆಯಬೇಕೇ ಎಂದು ಯೋಚಿಸುವುದು ಒಳ್ಳೆಯದು.

ಔಷಧ ಮತ್ತು ಬಾವಿ

ಬೇರೂರಿದ ಪಾಚಿಗೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಬಳಸುತ್ತಾರೆ. ಶೇಕಡ 10ರ ದ್ರಾವಣವಾದರೆ ಒಂದು ಪಾಲಿಗೆ ಮೂರು ನಾಲ್ಕು ಪಾಲು ನೀರು ಬೆರೆಸಿ, ಮೂಲೆಯೊಂದರಲ್ಲಿ ಪರೀಕ್ಷಿಸಿ, ನಂತರ ಕಡಿಮೆ ಒತ್ತಡದಲ್ಲಿ ಸಿಂಪಡಿಸಬೇಕು. ಹತ್ತು ಹದಿನೈದು ನಿಮಿಷ ಬಿಟ್ಟು, ಒಣಗುವ ಮುನ್ನ ತೊಳೆಯಬೇಕು. ಇದಕ್ಕೆ ಬ್ಯಾಟರಿಯಿಂದ ಓಡುವ ಪ್ರತ್ಯೇಕ ಸಣ್ಣ ಪಂಪು ಇರಲಿ. ಒತ್ತಡದ ಪಂಪಿನೊಳಗೆ ಈ ದ್ರಾವಣ ಹೋದರೆ ಸೀಲು, ಹಿತ್ತಾಳೆ ಎರಡೂ ಕೆಡುತ್ತವೆ.

ಈ ದ್ರಾವಣಕ್ಕೆ ಆಸಿಡ್ ಅನ್ನು ಎಂದಿಗೂ ಬೆರೆಸಬಾರದು. ಕಕ್ಕಸು ತೊಳೆಯುವ ಆಸಿಡ್ ಸೇರಿದರೂ ಕ್ಲೋರಿನ್ ಅನಿಲ ಹೊರಟು ಉಸಿರು ಕಟ್ಟುತ್ತದೆ. ನಮ್ಮಲ್ಲಿ ಅನೇಕ ಮನೆಗಳು ಮಾಡಿನ ಮಳೆನೀರನ್ನು ಬಾವಿಗೆ ಇಂಗಿಸುತ್ತವೆ. ಔಷಧ ಸಿಂಪಡಿಸುವ ಮೊದಲು ಆ ಪೈಪನ್ನು ಬಿಚ್ಚಿಡಬೇಕು, ತೆರೆದ ಬಾವಿಯನ್ನು ಮುಚ್ಚಬೇಕು, ಗಿಡಗಳಿಗೆ ಮೊದಲೇ ನೀರು ಹನಿಸಬೇಕು. ಇದನ್ನು ಮರೆತರೆ ಕುಡಿಯುವ ನೀರೇ ಕೆಡುತ್ತದೆ.

ಆಸ್‌ಬೆಸ್ಟಾಸ್ ಸಿಮೆಂಟಿನ ಶೀಟುಗಳ ಮೇಲೆ ಒತ್ತಡದ ನೀರು ಹೊಡೆಯಲೇಬಾರದು. ಅದರಿಂದ ಬಿಡುಗಡೆಯಾಗುವ ಸೂಕ್ಷ್ಮ ನಾರು ಶ್ವಾಸಕೋಶ ಸೇರಿದರೆ ವರ್ಷಗಳ ನಂತರ ಕ್ಯಾನ್ಸರ್ ಬರುವ ಸಂಭವವಿದೆ. ಹಳೆಯ ಸಭಾಂಗಣ, ಹಟ್ಟಿ, ಸೈಕಲ್ ಶೆಡ್‌ಗಳಲ್ಲಿ ಈ ಶೀಟುಗಳು ಇನ್ನೂ ಇವೆ. ಎಷ್ಟೇ ಹಣ ಕೊಡುತ್ತೇವೆಂದರೂ ಅಂಥ ಕೆಲಸವನ್ನು ಒಪ್ಪಿಕೊಳ್ಳಬೇಡಿ.

ಮೇಲೆ ಹತ್ತಿದವನು ಕೆಳಗೆ ಬರಬೇಕು

ಹಂಚು ಮನುಷ್ಯನ ಭಾರ ತಾಳುವಂಥದ್ದಲ್ಲ. ಕನ್ನಡಿ ಹಂಚು, ಶೀಟುಗಳಂತೂ ಇನ್ನೂ ದುರ್ಬಲ. ಸಾಧ್ಯವಾದಷ್ಟು ಕೆಲಸವನ್ನು ಉದ್ದ ಕೋಲಿನ ಗನ್ ಬಳಸಿ ನೆಲದಿಂದಲೇ ಮಾಡಿ. ಹತ್ತಲೇಬೇಕಾದರೆ ಮೋಪಿಗೆ ಕೊಕ್ಕೆ ಹಾಕುವ ಏಣಿ, ಇಡೀ ಮೈಯನ್ನು ಬಂಧಿಸುವ ಸುರಕ್ಷಾ ಬೆಲ್ಟು, ಹೆಲ್ಮೆಟ್, ಜಾರದ ಬೂಟು ಕಡ್ಡಾಯ. ಬೆಲ್ಟಿನ ಹಗ್ಗವನ್ನು ರೀಪಿಗಲ್ಲ, ಗಟ್ಟಿ ತೊಲೆಗೆ ಕಟ್ಟಬೇಕು. ಒರಗಿಸಿದ ಏಣಿಯ ಮೇಲೆ ನಿಂತು ಗನ್ ಒತ್ತಬಾರದು, ಅದರ ಹಿಂದೂಡುವಿಕೆಗೆ ಏಣಿಯೇ ಸರಿಯುತ್ತದೆ. ಮನೆಗೆ ಬರುವ ವಿದ್ಯುತ್ ತಂತಿಯ ಬಳಿ ಕೆಲಸವಿದ್ದರೆ ಮೊದಲೇ ಮೆಸ್ಕಾಂಗೆ ತಿಳಿಸಿ ಸಂಪರ್ಕ ತಪ್ಪಿಸಬೇಕು. ಒಬ್ಬನೇ ಹೋಗಿ ಕೆಲಸ ಮಾಡುವುದು ಬೇಡ.

ಒತ್ತಡದ ನೀರು ಕೈಗೆ ತಗಲಿದರೆ ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣಬಹುದು. ಒಳಗೆ ನೀರು, ಕೊಳೆ ಆಳಕ್ಕೆ ಹೋಗಿರುತ್ತದೆ. ನೋವಿಲ್ಲವೆಂದು ಮನೆಗೆ ಹೋಗದೆ ತಕ್ಷಣ ಆಸ್ಪತ್ರೆಗೆ ಹೋಗಿ, ಒತ್ತಡದ ಯಂತ್ರದಿಂದಾದ ಗಾಯ ಎಂದು ಸ್ಪಷ್ಟವಾಗಿ ಹೇಳಬೇಕು. ತಡಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ಸಾಲ ಮತ್ತು ಮಳೆಗಾಲ

ಕಂತು ವರ್ಷಕ್ಕೆ ಹನ್ನೆರಡು, ಕೆಲಸ ಸಿಗುವುದು ಎಂಟು ತಿಂಗಳು. ತಿಂಗಳಿಗೆ 12,000 ರೂಪಾಯಿ ಕಂತಾದರೆ ವರ್ಷಕ್ಕೆ 1,44,000. ಎಂಟು ತಿಂಗಳ ದುಡಿಮೆಯಲ್ಲಿ ಇದನ್ನು ಕಟ್ಟಲು ಪ್ರತಿ ತಿಂಗಳು 18,000 ರೂಪಾಯಿ ಎತ್ತಿಡಬೇಕು. ಈ ಲೆಕ್ಕವನ್ನು ಮರೆತು ದರ ಇಳಿಸಿದವರು ಆಗಸ್ಟ್ ತಿಂಗಳಲ್ಲಿ ಸಂಕಷ್ಟಕ್ಕೆ ಬೀಳುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ 61 ದಿನಗಳ ನಿಷೇಧವಿರುವಾಗ ದಡಕ್ಕೆ ಎಳೆದ ದೋಣಿಗಳ ತಳ ತೊಳೆಯುವುದು, ನೀರಿನ ಟ್ಯಾಂಕು ಶುಚಿಗೊಳಿಸುವುದು ಮುಂತಾದ ಕೆಲಸಗಳನ್ನು ಹುಡುಕಿಕೊಳ್ಳಬಹುದು.

2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಕಿಶೋರ ವರ್ಗದಲ್ಲಿ 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ಸಾಲಕ್ಕೆ ಅವಕಾಶವಿದೆ. ಉಜಿರೆಯಲ್ಲಿ 1982ರಲ್ಲಿ ಸ್ಥಾಪನೆಯಾದ ರುಡ್‌ಸೆಟ್ ಸಂಸ್ಥೆ ಸ್ವಉದ್ಯೋಗ ತರಬೇತಿಗೆ ಹೆಸರಾಗಿದೆ. ಹಳೆಯ ಪಿಕಪ್, 300 ಲೀಟರಿನ ಟ್ಯಾಂಕು, ಒಂದು ಒಳ್ಳೆಯ ಪಂಪಿನಿಂದ ಆರಂಭಿಸಿ, ಎರಡು ಋತು ದುಡಿದ ನಂತರ ದೊಡ್ಡದಕ್ಕೆ ಕೈಹಾಕುವುದು ಜಾಣತನ. ಹಣ ಉಳಿಸುವುದಾದರೆ ಬಣ್ಣ, ಬೋರ್ಡುಗಳಲ್ಲಿ ಉಳಿಸಿ, ಸುರಕ್ಷಾ ಬೆಲ್ಟಿನಲ್ಲಿ ಬೇಡ.

ಕೆಲಸ ಕೊಡುವವರಿಗೂ ಹೊಣೆ ಇದೆ. ಚರ್ಚಿನ ಹಬ್ಬಕ್ಕೆ ಮೊದಲು ಮಾಡು ತೊಳೆಸುವ ಪಾಲನಾ ಮಂಡಳಿಗಳು ದರ ಕೇಳುವ ಮುನ್ನ ಈ ಪ್ರಶ್ನೆಗಳನ್ನು ಕೇಳಲಿ. ಎಷ್ಟು ಮಂದಿ ಬರುತ್ತೀರಿ? ಬೆಲ್ಟು ಇದೆಯೇ? ಹಂಚಿಗೆ ಯಾವ ನಾಝಲ್ ಬಳಸುತ್ತೀರಿ? ಬಾವಿಗೆ ಏನು ವ್ಯವಸ್ಥೆ? ಕೆಲಸಗಾರರಿಗೆ ವಿಮೆ ಇದೆಯೇ? ವರ್ಷಕ್ಕೆ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದಿಂದ ಮರಣವಾದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ಸಿಗುತ್ತದೆ. ಅಷ್ಟೂ ಇಲ್ಲದವನನ್ನು ಮಾಡಿಗೆ ಹತ್ತಿಸುವುದು ನ್ಯಾಯವಲ್ಲ. ಅತಿ ಕಡಿಮೆ ದರ ಹೇಳಿದವನು ಉಳಿಸಿರುವುದು ಬಹುಶಃ ತನ್ನ ಜೀವದ ಖರ್ಚನ್ನೇ. ಮಾಡಿನ ಪಾಚಿ ಮುಂದಿನ ಮಳೆಗೆ ಮತ್ತೆ ಬರುತ್ತದೆ, ಅದನ್ನು ಮತ್ತೊಮ್ಮೆ ತೊಳೆಯಬಹುದು. ಕೆಲಸಕ್ಕೆ ಬಂದ ಮನೆಮಗ ಸಂಜೆ ಕ್ಷೇಮವಾಗಿ ಮನೆ ಸೇರುವಂತೆ ನೋಡಿಕೊಳ್ಳುವುದು ಅವನ ಯಜಮಾನನ ಜೊತೆಗೆ ನಮ್ಮೆಲ್ಲರ ಕರ್ತವ್ಯ.