ಮಂಜು ಕವಿದ ಬಾನಿನಲ್ಲಿ ವಿಮಾನದ ಕಣ್ಣು

ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ದೆಹಲಿಯಲ್ಲಿ ದಟ್ಟ ಮಂಜು ಕವಿದು ವಿಮಾನಗಳು ತಡವಾಗುವುದು ಹೊರನಾಡ ಕನ್ನಡಿಗರಾದ ನಮಗೆ ಹೊಸತಲ್ಲ. ಅಂತಹ ಮಂಜಿನಲ್ಲಿ ವಿಮಾನವನ್ನು ಇಳಿಸಲು ಮುಖ್ಯ ಆಧಾರ ನೆಲದಿಂದ ಬರುವ ರೇಡಿಯೊ ಸಂಕೇತಗಳು. ಅವುಗಳಿಗೆ ಪೂರಕವಾಗಿ ಬೆಳೆದು ಬಂದಿರುವ ಎರಡು ತಂತ್ರಗಳು ಆಗ್ಮೆಂಟೆಡ್ ರಿಯಾಲಿಟಿ ಮತ್ತು ಕಂಪ್ಯೂಟರ್ ವಿಷನ್. ಇವುಗಳನ್ನು ಓದುಗ ಬಾಂಧವರಿಗೆ ಪರಿಚಯಿಸಬಯಸುತ್ತೇವೆ.

ಕಣ್ಣಿಗೆ ಕಾಣುವ ನೋಟದ ಮೇಲೆಯೇ ಮಾಹಿತಿಯನ್ನು ಮೂಡಿಸುವುದು ಆಗ್ಮೆಂಟೆಡ್ ರಿಯಾಲಿಟಿ. ಈ ಹೆಸರು ಹುಟ್ಟಿದ್ದೂ ವಿಮಾನೋದ್ಯಮದಲ್ಲಿಯೇ. ಬೋಯಿಂಗ್ ಸಂಸ್ಥೆಯ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ಅವರು ವಿಮಾನ ಜೋಡಿಸುವ ಕೆಲಸಗಾರರಿಗೆ ನೆರವಾಗಲೆಂದು 1992ರಲ್ಲಿ ಇದನ್ನು ವಿವರಿಸಿದರು.

ಚಾಲಕನ ಎದುರಿಗಿರುವ ಹೆಡ್-ಅಪ್ ಡಿಸ್‌ಪ್ಲೇ ಎಂಬ ಪಾರದರ್ಶಕ ಗಾಜು ಇದೇ ತತ್ತ್ವದ್ದು. ವೇಗ, ಎತ್ತರ, ಸಾಗುವ ದಿಕ್ಕು ಅದರ ಮೇಲೆ ಬೆಳಕಿನ ಗೆರೆಗಳಾಗಿ ಮೂಡುತ್ತವೆ. ಅವು ಬಹುದೂರದಲ್ಲಿರುವಂತೆ ತೋರುವುದರಿಂದ ಚಾಲಕನು ಹೊರಗಿನಿಂದ ದೃಷ್ಟಿ ಕದಲಿಸಬೇಕಾಗಿಲ್ಲ. ನಮ್ಮ ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನಕ್ಕೆ ಇಂತಹ ಸಾಧನವನ್ನು ಸಿದ್ಧಪಡಿಸಿದ್ದು ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣ ಸಂಸ್ಥೆ.

ಗಾಜಿನ ಮೇಲೆ ಅಥವಾ ಪರದೆಯ ಮೇಲೆ ಮೂಡುವ ಚಿತ್ರಗಳಲ್ಲಿ ಎರಡು ಬಗೆ. ಮೊದಲನೆಯದು, ವಿಮಾನದ ಮೂತಿಯಲ್ಲಿರುವ ಇನ್‌ಫ್ರಾರೆಡ್ ಕ್ಯಾಮೆರಾ ಆ ಕ್ಷಣದಲ್ಲಿ ಕಂಡ ಚಿತ್ರ. ಎರಡನೆಯದು, ಮೊದಲೇ ಸಂಗ್ರಹಿಸಿಟ್ಟ ಭೂಪಟದಿಂದ ಕಂಪ್ಯೂಟರ್ ಬರೆದ ಚಿತ್ರ. ಈ ಭೇದವನ್ನು ಮರೆತರೆ ಅಪಾಯ. ಮಂಜು ತೀರ ದಟ್ಟವಾದರೆ ಇನ್‌ಫ್ರಾರೆಡ್ ಕ್ಯಾಮೆರಾವೂ ಸೋಲುತ್ತದೆ. ನಿನ್ನೆ ನಿಲ್ಲಿಸಿದ ಕ್ರೇನು ಹಳೆಯ ಭೂಪಟದಲ್ಲಿ ಇರುವುದಿಲ್ಲ.

ಕ್ಯಾಮೆರಾ ಕಂಡದ್ದನ್ನು ಅರ್ಥ ಮಾಡಿಕೊಳ್ಳುವುದು ಕಂಪ್ಯೂಟರ್ ವಿಷನ್‌ನ ಕೆಲಸ. ರನ್‌ವೇಯ ಅಂಚು, ನಡುಗೆರೆಗಳನ್ನು ಗುರುತಿಸಿ, ವಿಮಾನ ಎಷ್ಟು ದೂರದಲ್ಲಿದೆ, ಎತ್ತ ವಾಲಿದೆ ಎಂದು ಅದು ಲೆಕ್ಕ ಹಾಕುತ್ತದೆ. 2019ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಏರ್‌ಬಸ್ ಎ350-1000 ವಿಮಾನವು ಕ್ಯಾಮೆರಾ ಚಿತ್ರಗಳನ್ನೇ ಆಧರಿಸಿ ತಾನಾಗಿ ಮೇಲೇರಿತು. 2020ರಲ್ಲಿ ಮುಗಿದ ಆ ಯೋಜನೆಯಲ್ಲಿ 500ಕ್ಕೂ ಹೆಚ್ಚು ಪರೀಕ್ಷಾ ಹಾರಾಟಗಳು ನಡೆದವು. ಅವುಗಳಲ್ಲಿ ಸುಮಾರು 450 ಹಾರಾಟಗಳು ಯಂತ್ರಕ್ಕೆ ನೋಡಲು ಕಲಿಸುವ ವಿಡಿಯೊ ಸಂಗ್ರಹಕ್ಕೇ ಮೀಸಲಾದವು. ಪರೀಕ್ಷಾ ಚಾಲಕರು ವಿಮಾನದಲ್ಲಿಯೇ ಇದ್ದರು.

ಯಂತ್ರದ ಕಣ್ಣು ಎಷ್ಟೇ ಚುರುಕಾದರೂ ಅದು ತೋರಿದ್ದನ್ನು ನಂಬಬೇಕೆ, ಬೇಡವೆ ಎಂಬ ವಿವೇಕ ಚಾಲಕನದೇ. ಸಂದೇಹವಿದ್ದರೆ ಇಳಿಯದೆ ಮತ್ತೆ ಮೇಲೇರುವುದೇ ಕ್ಷೇಮ. ಮುಂದೊಮ್ಮೆ ನಾವು ಕುಳಿತ ವಿಮಾನ ನೆಲದ ಸಮೀಪಕ್ಕೆ ಬಂದು ಮತ್ತೆ ಬಾನಿಗೇರಿದರೆ ಬೇಸರಪಡದಿರೋಣ. ಆ ವಿಳಂಬದ ಹಿಂದೆ ನಮ್ಮ ಪ್ರಾಣದ ಕಾಳಜಿಯಿದೆ.