ಎಣ್ಣೆಗೆ ಎಚ್ಚರಿಕೆ, ಅಕ್ಕಿಗೆ ಪಡಿತರ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ, ದಿನಕ್ಕೆ 2,000 ಕಿಲೊಕ್ಯಾಲರಿ ಬೇಕಾಗುವ ವ್ಯಕ್ತಿಗೆ ಅಕ್ಕಿ, ಗೋಧಿ, ಜೋಳ ಮೊದಲಾದ ಧಾನ್ಯಗಳೆಲ್ಲ ಸೇರಿ 250 ಗ್ರಾಂ ಸಾಕು. ಒಟ್ಟು ಶಕ್ತಿಯಲ್ಲಿ ಅವುಗಳ ಪಾಲು ಶೇ 45ನ್ನು ಮೀರಬಾರದು. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರವು ಅನ್ನಭಾಗ್ಯದ ಹೆಚ್ಚುವರಿ ಐದು ಕೆ.ಜಿ.ಯ ಬದಲಿಗೆ ನೀಡುತ್ತಿದ್ದ ಹಣವನ್ನು ನಿಲ್ಲಿಸಿ ಅಕ್ಕಿಯನ್ನೇ ಕೊಡಲು ತೀರ್ಮಾನಿಸಿದಾಗ, ಬಿಪಿಎಲ್ ಕುಟುಂಬದ ಪ್ರತಿ ಸದಸ್ಯನ ಪಾಲು ತಿಂಗಳಿಗೆ 10 ಕೆ.ಜಿ. ಆಯಿತು. ದಿನಕ್ಕೆ ಹಂಚಿದರೆ ಇದು 330 ಗ್ರಾಂಗೂ ಹೆಚ್ಚು. ಅಷ್ಟೂ ಅಕ್ಕಿಯನ್ನು ಉಂಡರೆ ಅದರಿಂದಲೇ 1,150 ಕಿಲೊಕ್ಯಾಲರಿ ಮೀರುತ್ತದೆ. ಅದೇ ಫೆಬ್ರುವರಿಯ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು ಬೊಜ್ಜನ್ನು ತಡೆಯಲು ಅಡುಗೆ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಮಾಡುವಂತೆ ಕರೆ ಕೊಟ್ಟರು. ಅನ್ನದ ಮಿತಿಯು ಮಾರ್ಗಸೂಚಿಯ ಪುಟದಲ್ಲಿ ಉಳಿಯಿತು, ಎಣ್ಣೆಯ ಮಿತಿ ಮನೆಮಾತಾಯಿತು.

ಕೊಬ್ಬಿನ ಮೇಲಿನ ಈ ಅಪನಂಬಿಕೆಯ ಬೇರು ಅಮೆರಿಕದಲ್ಲಿದೆ. ಅಲ್ಲಿನ ಸೆನೆಟ್ ಸಮಿತಿಯೊಂದು 1977ರಲ್ಲಿ, ಆಹಾರದ ಶಕ್ತಿಯಲ್ಲಿ ಕೊಬ್ಬಿನ ಪಾಲನ್ನು ಶೇ 30ಕ್ಕೆ ಇಳಿಸಿ, ಧಾನ್ಯ, ಗೆಡ್ಡೆ ಮೊದಲಾದವುಗಳಲ್ಲಿರುವ ಶರ್ಕರಪಿಷ್ಟದ ಪಾಲನ್ನು ಶೇ 55–60ಕ್ಕೆ ಏರಿಸಬೇಕೆಂದು ಹೇಳಿತು. 2015ರ ಹೊತ್ತಿಗೆ ಅಲ್ಲಿನ ಮಾರ್ಗಸೂಚಿಯು ಆಹಾರದ ಕೊಲೆಸ್ಟರಾಲಿಗೆ ಹಾಕಿದ್ದ 300 ಮಿಲಿಗ್ರಾಂ ಮಿತಿಯನ್ನು ಕೈಬಿಟ್ಟಿತು. ಆದರೆ ಆ ಸಮಿತಿಗೂ ಹತ್ತು ವರ್ಷ ಮೊದಲೇ ಭಾರತದಲ್ಲಿ ಬೇರೆಯದೇ ಸುಳಿವು ಸಿಕ್ಕಿತ್ತು. ರೈಲ್ವೆ ವೈದ್ಯ ಎಸ್.ಎಲ್. ಮಲ್ಹೋತ್ರ ಅವರು ಹತ್ತು ಲಕ್ಷಕ್ಕೂ ಹೆಚ್ಚು ರೈಲ್ವೆ ನೌಕರರ ದಾಖಲೆಗಳನ್ನು ಪರಿಶೀಲಿಸಿ 1967ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯದ ರಕ್ತನಾಳಗಳ ಕಾಯಿಲೆಯು ಹಾಲು ತುಪ್ಪವನ್ನು ಧಾರಾಳವಾಗಿ ಬಳಸುವ ಪಂಜಾಬಿನವರಿಗಿಂತ, ಅನ್ನವೇ ಪ್ರಧಾನವಾಗಿದ್ದು ಕೊಬ್ಬನ್ನು ತೀರ ಕಡಿಮೆ ತಿನ್ನುವ ದಕ್ಷಿಣದವರಲ್ಲಿ ಸುಮಾರು ಏಳು ಪಟ್ಟು ಹೆಚ್ಚೆಂದು ಕಂಡುಬಂದಿತ್ತು. ಇಂಥ ಅಧ್ಯಯನವು ಎರಡು ಸಂಗತಿಗಳ ನಂಟನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಬೀತುಪಡಿಸುವುದಿಲ್ಲ ಎಂಬುದು ನಿಜ. ಆದರೆ ಕೊಬ್ಬನ್ನು ಆರೋಪಿಯಾಗಿಸಿದ ಆರಂಭದ ಹಲವು ಅಧ್ಯಯನಗಳಿಗೂ ಇದೇ ಮಾತು ಸಲ್ಲುತ್ತದೆಂಬುದನ್ನು ಸಲಹೆಗಾರರು ಅಪರೂಪಕ್ಕೂ ನೆನಪಿಸಿಕೊಂಡಂತಿಲ್ಲ.

ತುಂಗಭದ್ರೆಯ ದಡದ ಕುಮಾರಪಟ್ಟಣವೂ ಸೇರಿದ ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯ ಹಳೆಯ ಊಟವನ್ನು ಈ ವಿವಾದದ ಬೆಳಕಿನಲ್ಲಿ ನೋಡುವುದು ಉಪಯುಕ್ತ. ಜೋಳದ ರೊಟ್ಟಿ, ಕಾಳುಪಲ್ಯ, ಮೊಸರುಗಳ ಜೊತೆಗೆ ಶೇಂಗಾ, ಗುರೆಳ್ಳು ಇಲ್ಲವೆ ಅಗಸಿಯ ಹಿಂಡಿ (ಚಟ್ನಿಪುಡಿ), ಅದರ ಮೇಲೊಂದಿಷ್ಟು ಗಾಣದ ಕುಸುಬಿ ಎಣ್ಣೆ ಇರುತ್ತಿದ್ದ ಈ ಊಟ ಕೊಬ್ಬಿಗೆ ಹೆದರಿದ್ದಲ್ಲ. ಶೇಂಗಾದ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯಿದ್ದರೂ ಕಾಲು ಭಾಗದಷ್ಟು ಪ್ರೋಟೀನು ಇದೆ. ಬ್ಯಾಡಗಿ ಮೆಣಸಿನಕಾಯಿಗೆ ಕೆಂಪು ಕೊಡುವ ಕೆರೊಟಿನಾಯ್ಡ್‌ಗಳು ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುವಂಥವಾದ್ದರಿಂದ, ಅವು ದೇಹಕ್ಕೆ ಹತ್ತುವುದಕ್ಕೂ ಎಣ್ಣೆಯ ಆಸರೆ ಬೇಕು. ಇಂದು ರೊಟ್ಟಿಯ ಜಾಗವನ್ನು ಬಿಳಿ ಅನ್ನವೂ ಗಾಣದ ಎಣ್ಣೆಯ ಜಾಗವನ್ನು ರಿಫೈನ್ಡ್ ಎಣ್ಣೆಯೂ ಬಹುಮಟ್ಟಿಗೆ ಆಕ್ರಮಿಸಿವೆ. ಸಂಜೆಯ ಮಂಡಕ್ಕಿ ಮಿರ್ಚಿಯಲ್ಲಿ ದೂಷಣೆಗೆ ಗುರಿಯಾಗುವುದು ಎಣ್ಣೆಯಲ್ಲಿ ಕರಿದ ಮಿರ್ಚಿ ಮಾತ್ರ. ಅಕ್ಕಿಯ ಪಿಷ್ಟವೇ ಆದ ಮಂಡಕ್ಕಿ ‘ಹಗುರ’ವೆಂಬ ಹೆಸರು ಪಡೆದು ಪಾರಾಗುತ್ತದೆ.

ಹಾಗೆಂದು ರೊಟ್ಟಿಗೆ ಮರಳಿದರೆ ಸಕ್ಕರೆ ಕಾಯಿಲೆ ದೂರವಾಗುತ್ತದೆಂಬ ವಾದವೂ ನಿಲ್ಲುವಂಥದ್ದಲ್ಲ. 2025ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ವಿಶ್ಲೇಷಣೆಯ ಪ್ರಕಾರ ಭಾರತೀಯರು ಶಕ್ತಿಯ ಸುಮಾರು ಶೇ 62ನ್ನು ಶರ್ಕರಪಿಷ್ಟದಿಂದಲೇ ಪಡೆಯುತ್ತಾರೆ. ಅದರ ಒಟ್ಟು ಪ್ರಮಾಣವನ್ನು ಇಳಿಸದೆ ಬಿಳಿ ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ತಂದರೆ ಅಪಾಯವೇನೂ ಕಡಿಮೆಯಾಗುವುದಿಲ್ಲ, ಆದರೆ ಶರ್ಕರಪಿಷ್ಟದಲ್ಲೊಂದು ಸಣ್ಣ ಪಾಲಿನ ಜಾಗಕ್ಕೆ ಬೇಳೆಕಾಳು ಇಲ್ಲವೆ ಹಾಲಿನ ಪ್ರೋಟೀನ್ ಬಂದಲ್ಲಿ ಅಪಾಯ ಇಳಿಯುತ್ತದೆ. ಬೆಣ್ಣೆ, ತುಪ್ಪ, ತಾಳೆ ಎಣ್ಣೆಗಳಲ್ಲಿ ಹೆಚ್ಚಾಗಿರುವ ಪರ್ಯಾಪ್ತ ಕೊಬ್ಬಿನ ಬಳಕೆ ಬಹುತೇಕ ರಾಜ್ಯಗಳಲ್ಲಿ ಮಿತಿ ಮೀರಿದೆ ಎಂಬುದನ್ನೂ ಅದೇ ವಿಶ್ಲೇಷಣೆ ಹೇಳುವುದರಿಂದ, ತುಪ್ಪಪ್ರಿಯರು ಅದನ್ನು ಅರ್ಧ ಓದಿ ಮಡಚಿಡುವಂತಿಲ್ಲ. ಹಿಂದಿನವರು ಎರಡು ಮೂರು ರೊಟ್ಟಿ ಉಂಡು ಹೊಲದಲ್ಲಿ ದಿನವಿಡೀ ದುಡಿಯುತ್ತಿದ್ದರು. ಕಾರ್ಖಾನೆಯ ರಾತ್ರಿಪಾಳಿಯಲ್ಲಿ ಯಂತ್ರದ ಮುಂದೆ ಕುಳಿತವರ ದೇಹಕ್ಕೆ ಅಷ್ಟೇ ಪಿಷ್ಟವನ್ನು ಕರಗಿಸುವ ದುಡಿಮೆಯಿಲ್ಲ.

ಸಲಹೆಯನ್ನು ತಿದ್ದುವುದಕ್ಕಿಂತ ಪಡಿತರವನ್ನು ತಿದ್ದುವುದು ಕಷ್ಟ, ಏಕೆಂದರೆ ಹಸಿವು ನೀಗಿಸಿದ ಅಕ್ಕಿಯನ್ನು ಪ್ರಶ್ನಿಸುವವರು ಬಡವರ ವಿರೋಧಿಗಳಂತೆ ಕಾಣುತ್ತಾರೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲು ‘ಇಂದಿರಾ ಆಹಾರ ಕಿಟ್’ ಕೊಡಲು ಒಪ್ಪಿದ್ದಕ್ಕೆ, ಅಕ್ಕಿಯು ಕಾಳಸಂತೆಗೆ ಹರಿಯುತ್ತಿದ್ದುದೂ ಒಂದು ಕಾರಣವಾಗಿತ್ತು. ಕಿಟ್‌ನ ಪಟ್ಟಿಯಲ್ಲಿ ತೊಗರಿಬೇಳೆ, ಎಣ್ಣೆ, ಉಪ್ಪುಗಳಿದ್ದವು. ಜೊತೆಗೆ ಸಕ್ಕರೆಯೂ ಇತ್ತು.